ಮನೆಯ ಸಿಮ್ಯುಲೇಟರಿಗೆ ಹಳೆಯ ಲಘು ವಿಮಾನ: ಆಡ್-ಆನ್ ಅಳವಡಿಕೆಯ ಇತಿಹಾಸ

ಮನೆಯ ಕಂಪ್ಯೂಟರಿನಲ್ಲಿ ಓಡುವ ಫ್ಲೈಟ್ ಸಿಮ್ಯುಲೇಟರಿಗೆ, ಅದರೊಂದಿಗೆ ಬಾರದ ವಿಮಾನವೊಂದನ್ನು ಹೊರಗಿನಿಂದ ತಂದು ಸೇರಿಸುವುದೇ ಆಡ್-ಆನ್ ಅಳವಡಿಕೆ. ಹೀಗೆ ಸೇರುವ ವಿಮಾನಗಳಲ್ಲಿ ಪೈಪರ್ ಕಬ್, ಟೈಗರ್ ಮಾತ್‌ನಂಥ ಹಳೆಯ ಲಘು ವಿಮಾನಗಳ ಮೇಲೆ ಹವ್ಯಾಸಿಗಳಿಗೆ ಬಹಳ ಅಕ್ಕರೆ. ಅವಕ್ಕೆ ವೇಗವಿಲ್ಲ, ಉಪಕರಣಗಳೂ ಬೆರಳೆಣಿಕೆಯಷ್ಟು. ಆದರೆ ಗಾಳಿಯನ್ನು ಸಿಮ್ಯುಲೇಟರ್ ಎಷ್ಟು ಚೆನ್ನಾಗಿ ಬಲ್ಲದು ಎಂಬುದು ಇಂಥ ಹಗುರ ವಿಮಾನದಲ್ಲಿ ಗೊತ್ತಾಗುವಷ್ಟು ದೊಡ್ಡ ಜೆಟ್‌ನಲ್ಲಿ ಗೊತ್ತಾಗುವುದಿಲ್ಲ.

ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದಿದ ಬ್ರೂಸ್ ಆರ್ಟ್‌ವಿಕ್ ಅವರ ಸಬ್‌ಲಾಜಿಕ್ ಸಂಸ್ಥೆ 1980ರ ಹೊತ್ತಿಗೆ ಆಪಲ್-2 ಕಂಪ್ಯೂಟರಿಗಾಗಿ ಮೊದಲ ಸಿಮ್ಯುಲೇಟರನ್ನು ತಂದಿತು. 1982ರಲ್ಲಿ ಅವರದೇ ಕೆಲಸ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಂಬ ಹೆಸರಿನಲ್ಲಿ ಐಬಿಎಂ ಪಿಸಿಗೆ ಬಂತು. ಹಾರಿಸಲು ಸಿಗುತ್ತಿದ್ದುದು ಸೆಸ್ನಾ 182. ಫ್ಲಾಪಿಯಲ್ಲಿ ಬಂದದ್ದೇ ವಿಮಾನ. ಬೇರೆಯದು ಬೇಕೆಂದವರಿಗೆ ದಾರಿಯಿರಲಿಲ್ಲ. 1989ರ ನಾಲ್ಕನೆಯ ಆವೃತ್ತಿಗೆ ಪ್ರತ್ಯೇಕವಾಗಿ ಮಾರಾಟವಾದ ಏರ್‌ಕ್ರಾಫ್ಟ್ ಅಂಡ್ ಸೀನರಿ ಡಿಸೈನರ್ ಬಂದಾಗ ಬಳಕೆದಾರರು ತಮಗೆ ಬೇಕಾದ ವಿಮಾನವನ್ನು ತಾವೇ ರೂಪಿಸತೊಡಗಿದರು.

ನಿಜವಾದ ತಿರುವು 1990ರ ದಶಕದ ಉತ್ತರಾರ್ಧದ್ದು. ಪ್ರತಿ ವಿಮಾನಕ್ಕೂ ಒಂದು ಫೋಲ್ಡರ್, ಅದರೊಳಗೆ ಮಾಡೆಲ್, ಪ್ಯಾನೆಲ್, ಸೌಂಡ್, ಟೆಕ್ಸ್‌ಚರ್ ಎಂಬ ಉಪಫೋಲ್ಡರ್‌ಗಳು, ಜೊತೆಗೆ ಏರ್‌ಕ್ರಾಫ್ಟ್.ಸಿಎಫ್‌ಜಿ ಎಂಬ, ನೋಟ್‌ಪ್ಯಾಡಿನಲ್ಲೇ ತೆರೆದು ಓದಬಹುದಾದ ಕಡತ. ಈ ಕಡತವನ್ನು ಮುಚ್ಚಿಡದೆ ಎಲ್ಲರ ಕೈಗೆ ಸಿಗುವಂತೆ ಬಿಟ್ಟದ್ದೇ ಆಡ್-ಆನ್ ಇತಿಹಾಸದ ಅತಿ ದೊಡ್ಡ ಉಪಕಾರ. ತೂಕ, ಇಂಧನ, ಚಕ್ರಗಳ ಜಾಗ ಎಲ್ಲವನ್ನೂ ಹವ್ಯಾಸಿಗಳು ತಿದ್ದಿ ನೋಡಿ ಕಲಿತರು. 2001ರಲ್ಲಿ ಬಂದ ಫ್ಲೈಟ್ ಸಿಮ್ಯುಲೇಟರ್ 2002ರ (ಎಫ್‌ಎಸ್ 2002) ಪ್ರೊಫೆಷನಲ್ ಆವೃತ್ತಿಯ ಜೊತೆ ಜಿಮ್ಯಾಕ್ಸ್ ಎಂಬ ಮೂರು ಆಯಾಮದ ವಿನ್ಯಾಸ ತಂತ್ರಾಂಶವೂ ಸಿಕ್ಕಿತು.

ರೈಟ್ ಸಹೋದರರ ಹಾರಾಟಕ್ಕೆ ನೂರು ತುಂಬಿದ 2003ರಲ್ಲಿ ಬಂದ ಎಫ್‌ಎಸ್ 2004 ಹಳೆಯ ವಿಮಾನಗಳನ್ನೇ ಮುಂದಿಟ್ಟುಕೊಂಡು ಬಂತು. ರೈಟ್ ಫ್ಲೈಯರ್, ಕರ್ಟಿಸ್ ಜೆನ್ನಿ, ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ರಯಾನ್ ವಿಮಾನ, ಡಿಸಿ-3, ಇವುಗಳ ಜೊತೆಗೆ ಹಳದಿ ಬಣ್ಣದ ಪೈಪರ್ ಜೆ-3 ಕಬ್.

ಈ ಕಬ್ ಅನ್ನು ಹತ್ತಿರದಿಂದ ನೋಡಿದರೆ ಅಳವಡಿಕೆಯ ಕೆಲಸದ ಸೂಕ್ಷ್ಮ ಅರಿವಾಗುತ್ತದೆ. ಪೆನ್ಸಿಲ್ವೇನಿಯಾದ ಲಾಕ್ ಹೇವನ್‌ನಲ್ಲಿ 1938ರಿಂದ 1947ರವರೆಗೆ ತಯಾರಾದ, ಸಾಮಾನ್ಯವಾಗಿ 65 ಅಶ್ವಶಕ್ತಿಯ ಎಂಜಿನ್ನಿನ ವಿಮಾನವಿದು. ಸೆಲ್ಫ್ ಸ್ಟಾರ್ಟರ್ ಇಲ್ಲ. ಪ್ರೊಪೆಲರನ್ನು ಕೈಯಿಂದ ತಿರುವಿಯೇ ಚಾಲೂ ಮಾಡಬೇಕು. ಒಬ್ಬರೇ ಹಾರಿಸುವಾಗ ಕೂರುವುದು ಹಿಂದಿನ ಸೀಟಿನಲ್ಲಿ. ಇಂಧನದ ಮಾಪಕವೆಂದರೆ ಮುಂಗಾಜಿನ ಆಚೆ, ಟ್ಯಾಂಕಿನ ಮುಚ್ಚಳದಿಂದ ಮೇಲೆದ್ದ ಒಂದು ತಂತಿ. ಅದರ ಕೆಳತುದಿಯಲ್ಲಿ ತೇಲುವ ಬೆಂಡು. ಪೆಟ್ರೋಲು ಮುಗಿಯುತ್ತ ಬಂದಂತೆ ತಂತಿ ಒಳಕ್ಕಿಳಿಯುತ್ತದೆ. ಒಳ್ಳೆಯ ಆಡ್-ಆನ್‌ನಲ್ಲಿ ಈ ತಂತಿಯೂ ಇಳಿಯಬೇಕು. ಕಬ್ ಬಾಲದ ಚಕ್ರದ ಮೇಲೆ ಮೂಗೆತ್ತಿ ನಿಲ್ಲುವುದರಿಂದ, ನಿಂತಾಗಿನ ಕೋನವನ್ನೂ ನೆಲದಿಂದಿರುವ ಎತ್ತರವನ್ನೂ ಸಿಎಫ್‌ಜಿ ಕಡತದಲ್ಲಿ ಸರಿಯಾಗಿ ಬರೆದಿರಬೇಕು. ಅಂಕಿ ತಪ್ಪಿದರೆ ರನ್‌ವೇ ಮೇಲೆ ಕಾಣಿಸಿಕೊಂಡ ಕೂಡಲೇ ವಿಮಾನ ಕುಪ್ಪಳಿಸುತ್ತದೆ, ಇಲ್ಲವೇ ಚಕ್ರ ನೆಲದೊಳಗೆ ಹೂತಂತೆ ಕಾಣುತ್ತದೆ.

2006ರ ಎಫ್‌ಎಸ್‌ಎಕ್ಸ್‌ನಲ್ಲಿ ವಿಮಾನದ ಫೋಲ್ಡರನ್ನು ಸಿಮ್‌ಆಬ್ಜೆಕ್ಟ್ಸ್ ಒಳಗಿನ ಏರ್‌ಪ್ಲೇನ್ಸ್ ಫೋಲ್ಡರಿಗೆ ನಕಲು ಮಾಡಬೇಕಿತ್ತು. ಮಾಪಕಗಳ ಕಡತಗಳಿಗೆ ಗೇಜಸ್ ಎಂಬ ಬೇರೆ ಜಾಗ. ಜಿಪ್ ಬಿಚ್ಚುವಾಗ ಫೋಲ್ಡರಿನೊಳಗೆ ಮತ್ತೊಂದು ಫೋಲ್ಡರ್ ಹುಟ್ಟಿಕೊಂಡರೆ ವಿಮಾನ ಪಟ್ಟಿಯಲ್ಲಿ ಕಾಣದೇ ಹೋಗುತ್ತಿತ್ತು. ಹೊಸ ಬಣ್ಣ ಸೇರಿಸುವಾಗ ಸಿಎಫ್‌ಜಿ ಕಡತದಲ್ಲಿ ಸೊನ್ನೆಯಿಂದ ಶುರುವಾಗುವ ಕ್ರಮಸಂಖ್ಯೆ ಎರಡು ಬಾರಿ ಬಂದರೆ ಒಂದು ಬಣ್ಣ ಮಾಯ. ಇದೇ ಕಾಲದಲ್ಲಿ ಎ2ಎ ಸಿಮ್ಯುಲೇಷನ್ಸ್ ಸಂಸ್ಥೆ ಅಕ್ಯು-ಸಿಮ್ ತಂತ್ರದೊಂದಿಗೆ ತಂದ ಕಬ್‌ನಲ್ಲಿ ಎಂಜಿನ್ನಿನ ಶಾಖ, ಸವೆತಗಳೂ ಲೆಕ್ಕಕ್ಕೆ ಬಂದವು.

2009ರಲ್ಲಿ ಮೈಕ್ರೋಸಾಫ್ಟ್ ತನ್ನ ಸಿಮ್ಯುಲೇಟರ್ ತಂಡವನ್ನು ಮುಚ್ಚಿತು. ಆದರೂ ಹಳೆಯ ಕಡತಗಳು ಲಾಕ್‌ಹೀಡ್ ಮಾರ್ಟಿನ್‌ನ ಪ್ರಿಪೇರ್‌3ಡಿ ಎಂಬ ಸಿಮ್ಯುಲೇಟರಿನಲ್ಲಿ ಹಾರುತ್ತಲೇ ಇದ್ದವು. ಪೆಟ್ಟು ಬಿದ್ದದ್ದು 2017ರಲ್ಲಿ, ಅದರ ನಾಲ್ಕನೆಯ ಆವೃತ್ತಿ 64-ಬಿಟ್‌ಗೆ ಹೋದಾಗ. 32-ಬಿಟ್‌ಗಾಗಿ ಕಂಪೈಲ್ ಮಾಡಿದ್ದ ಮಾಪಕಗಳು ಅಲ್ಲಿ ಕೆಲಸ ಮಾಡಲಿಲ್ಲ. ಹವ್ಯಾಸಿಗಳು ವರ್ಷಗಟ್ಟಲೆ ಕೂತು ಮಾಡಿ, ಉಚಿತವಾಗಿ ಹಂಚಿದ್ದ ಎಷ್ಟೋ ವಿಮಾನಗಳ ಪ್ಯಾನೆಲ್‌ಗಳು ಬರಿದಾದದ್ದು ದೊಡ್ಡ ನಷ್ಟ. ಸರಳ ಎಕ್ಸ್‌ಎಂಎಲ್ ಪಠ್ಯದಲ್ಲಿ ಬರೆದ ಮಾಪಕಗಳು ಮಾತ್ರ ಬಹುಮಟ್ಟಿಗೆ ಉಳಿದುಕೊಂಡವು.

2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಹೊರಗಿನಿಂದ ತಂದ ವಿಮಾನದ ಪ್ಯಾಕೇಜ್ ಕಮ್ಯುನಿಟಿ ಎಂಬ ಒಂದೇ ಫೋಲ್ಡರಿಗೆ ಹೋಗುತ್ತದೆ. ತೆಗೆಯಬೇಕೆಂದರೆ ಅಲ್ಲಿಂದ ಅಳಿಸಿದರಾಯಿತು. ಸಿಮ್ಯುಲೇಟರಿನ ಒಳಗೇ ಕೊಳ್ಳುವ ಅಂಗಡಿಯೂ ಇದೆ. ಆದರೆ ಪ್ಯಾಕೇಜಿನ ಪ್ರತಿ ಕಡತದ ಹೆಸರು, ಗಾತ್ರ ಲೇಔಟ್.ಜೇಸನ್ ಎಂಬ ಕಡತದಲ್ಲಿ ನಮೂದಾಗಿರಬೇಕು; ಪಟ್ಟಿಯಲ್ಲಿಲ್ಲದ ಕಡತವನ್ನು ಸಿಮ್ಯುಲೇಟರ್ ಗಣನೆಗೇ ತೆಗೆದುಕೊಳ್ಳುವುದಿಲ್ಲ. 2022ರ ನಲವತ್ತನೆಯ ವಾರ್ಷಿಕೋತ್ಸವದ ಆವೃತ್ತಿಯಲ್ಲಿ ಜೆನ್ನಿಯೂ ರೈಟ್ ಫ್ಲೈಯರೂ ಮತ್ತೆ ಬಂದವು.

ಮೈಕ್ರೋಸಾಫ್ಟ್‌ನ ಆಚೆಗೂ ಈ ಪರಂಪರೆ ಬೆಳೆದಿದೆ. ಆಸ್ಟಿನ್ ಮೇಯರ್ ಅವರ ಎಕ್ಸ್-ಪ್ಲೇನ್ ರೆಕ್ಕೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿ, ಒಂದೊಂದರ ಮೇಲಿನ ಬಲವನ್ನೂ ಲೆಕ್ಕ ಹಾಕುತ್ತದೆ. ವಿಮಾನವನ್ನು ಕಟ್ಟುವ ಪ್ಲೇನ್ ಮೇಕರ್ ಅದರೊಂದಿಗೇ ಬರುತ್ತದೆ. 1990ರ ದಶಕದಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ ಫ್ಲೈಟ್‌ಗಿಯರ್‌ನಲ್ಲಿಯೂ ಒಂದು ಜೆ-3 ಕಬ್ ಇದೆ. ಅದರ ಸಂರಚನೆಯ ಕಡತಗಳನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು, ಮತ್ತೆ ಹಂಚಬಹುದು.