ಖಾಲಿ ಡಬ್ಬಿ

ಹೋದ ತಿಂಗಳು ನಮ್ಮ ಮಗ ಊಟದ ಟೇಬಲ್ ಹಿಡಿದು ಎಂಟು ದಿನ ಸೋಲ್ಡರಿಂಗ್ ಮಾಡ್ಕೋತ ಕೂತಿದ್ದ. ನಾವು ನೆಲದ ಮ್ಯಾಲೆ ಕೂತು ಉಂಡ್ವಿ. ಆಲ್ಟೇರ್ 8800 ಅನ್ನೋ ಹಳೇ ಕಂಪ್ಯೂಟರಿನ ನಕಲು ಅಂತ ಅದು. ಮುಚ್ಚಳ ಹಾಕೋ ಮುಂದ ಇಣುಕಿ ನೋಡಿದ್ರ, ಅಷ್ಟು ದೊಡ್ಡ ಡಬ್ಬಿಯೊಳಗ ಅಂಗೈಯಷ್ಟು ಈಗಿನ ಕಾಲದ ಬೋರ್ಡು, ಉಳಿದದ್ದೆಲ್ಲಾ ಖಾಲಿ! "ಇದೇನೋ, ಮೋಸ?" ಅಂದೆ. "ಅಮ್ಮಾ, ಮೊದಲನೇದೂ ಖಾಲಿನೇ ಇತ್ತು" ಅಂದ.

ಕಥಿ ಹಿಂಗದ ನೋಡ್ರಿ. ಅಮೆರಿಕಾದ ಆಲ್ಬುಕರ್ಕಿ ಊರಾಗ ಎಡ್ ರಾಬರ್ಟ್ಸ್ ಅನ್ನಾಂವ ಎಂಐಟಿಎಸ್ ಅಂತ ಕಂಪನಿ ಇಟ್ಟು ಕ್ಯಾಲ್ಕ್ಯುಲೇಟರ್ ಮಾರ್ತಿದ್ದ. ದೊಡ್ಡ ಕಂಪನಿಗಳು ಬೆಲಿ ಇಳಿಸಿದ ಕೂಡಲೆ ಇವನ ವ್ಯಾಪಾರ ಮುಳುಗಿ, 1974ರೊಳಗ ಸಾಲ ಕುತ್ತಿಗಿ ತನಕ ಬಂತು. ಆಗ ಇಂಟೆಲ್ 8080 ಚಿಪ್ ಹಾಕಿ, ಮಂದಿ ಮನಿಯೊಳಗ ತಾವೇ ಜೋಡಿಸಿಕೊಳ್ಳೋ ಕಂಪ್ಯೂಟರ್ ಮಾಡಲಿಕ್ಕೆ ಹೊಂಟ. ಪಾಪ್ಯುಲರ್ ಇಲೆಕ್ಟ್ರಾನಿಕ್ಸ್ ಪತ್ರಿಕಿ ಮುಖಪುಟಕ್ಕ ಹಾಕ್ತೇವಿ ಅಂತ ಒಪ್ಪಿತ್ತು. ತಯಾರಿದ್ದದ್ದೇ ಒಂದು ಮಷೀನು. ನ್ಯೂಯಾರ್ಕಿಗೆ ಕಳಿಸಿದ್ರ ದಾರಿಯೊಳಗ ಕಳದೇ ಹೋತು! ಪತ್ರಿಕಿ ಅಚ್ಚಿಗೆ ಹೋಗೋ ಹೊತ್ತು. ಮುಂದ ಸ್ವಿಚ್ಚು, ದೀಪ ಹಚ್ಚಿ, ಒಳಗ ಏನೂ ಇಲ್ಲದ ಡಬ್ಬಿ ಕಳಿಸಿದ್ರು. 1975ರ ಜನವರಿ ಸಂಚಿಕಿ ಮ್ಯಾಲಿರೋದು ಅದರದೇ ಫೋಟೊ. ಒನ್ ಗ್ರಾಂ ಗೋಲ್ಡ್ ಹಾಕಿ ಹುಡುಗೀನ ತೋರಿಸಿದಂಗ!

ಆ ಚಿತ್ರ ನಂಬಿ ಸಾವಿರಾರು ಮಂದಿ ದುಡ್ಡು ಕಳಿಸಿದ್ರು. ಕಿಟ್ಟಿಗೆ 397 ಡಾಲರ್. ಬಿಡಿ ಭಾಗ ಬಂದ ಮ್ಯಾಲೆ ತಾವೇ ಬೆಸೀಬೇಕು. ಕೀಬೋರ್ಡ್ ಇಲ್ಲ, ಪರದೆ ಇಲ್ಲ. ಮೆಮೊರಿ ಬರೇ 256 ಬೈಟ್. ನಾ ಇಲ್ಲಿ ಬರದದ್ದರ ಎರಡು ಸಾಲೂ ಹಿಡೀಲಿಕ್ಕಿಲ್ಲ. ಆದ್ರೂ ಮೋಸ ಅನ್ನಲಿಕ್ಕೆ ನನಗ ಬಾಯಿ ಬರಲಿಲ್ಲ, ಆಮ್ಯಾಲೆ ಖರೇ ಮಷೀನು ಕೊಟ್ರಲ್ಲ. ಇದಕ್ಕೇ ಬೇಸಿಕ್ ಭಾಷಾ ಬರದು ಬಿಲ್ ಗೇಟ್ಸ್, ಪಾಲ್ ಅಲೆನ್ ಮೈಕ್ರೋಸಾಫ್ಟ್ ಚಾಲೂ ಮಾಡಿದ್ದು. ರಾಬರ್ಟ್ಸ್ 1977ರಾಗ ಕಂಪನಿ ಮಾರಿ, ಮುಂದ ಓದಿ ಡಾಕ್ಟರ್ ಆಗಿ, ಜಾರ್ಜಿಯಾದ ಒಂದು ಸಣ್ಣ ಊರಾಗ ರೋಗಿಗಳನ್ನ ನೋಡ್ಕೋತ ಇದ್ದ. ನನಗ ಅಂವನೇ ಹಿಡಿಸಿದ.

ಮಗ ನನ್ನ ಕೈಲೆ ಎರಡಕ್ಕ ಮೂರು ಕೂಡಿಸಿದ. ಸ್ವಿಚ್ ಮ್ಯಾಲೆ ಅಂದ್ರ ಒಂದು, ಕೆಳಗ ಅಂದ್ರ ಸೊನ್ನಿ. ಕೂಡಿಸು ಅಂತ ತಿಳಿಸಲಿಕ್ಕೇ 14 ಸಲ ಸ್ವಿಚ್ ಜೋಡಿಸಬೇಕು, ಆ ಎರಡು ಅಂಕಿ ಬ್ಯಾರೆ. ಕಡೀಕ ಒಂದು ದೀಪ ಹತ್ತಿತು, ನಡುವಿಂದು ಹತ್ತಲಿಲ್ಲ, ಅದರಾಚೆದು ಹತ್ತಿತು. ಅದು ಐದಂತ! ಎದುರು ಮನಿ ವೈನೀನ ಕರದು ತೋರಸೂದ್ರೊಳಗ ಕರೆಂಟ್ ಹೋತು. ಬಂದ ಮ್ಯಾಲೆ ನೋಡಿದ್ರ ಎಲ್ಲಾ ಅಳಿಸಿ ಹೋಗಿತ್ತು. ವೈನಿ ನಿಂತೇ ಇದ್ರು. ಮತ್ತ ಮೊದಲಿಂದ ಸ್ವಿಚ್ ಹಾಕಲಿಕ್ಕೆ ಹತ್ತಿದೆ.