ಹೂಳು, ಪೂಡಿಕ

ಆಂಧ್ರದ ಗಡಿಯ ರಾಯದುರ್ಗದ ಕಡೆ ಕೆರೆಯ ತಳದ ಮಣ್ಣಿಗೆ ಕನ್ನಡದ ಮನೆಯಲ್ಲಿ ಹೂಳು ಎನ್ನುತ್ತಾರೆ, ಸರ್ಕಾರದ ಕಾಗದದಲ್ಲಿ ಪೂಡಿಕ ಎಂದಿರುತ್ತದೆ. ಒಂದು ಕನ್ನಡ, ಇನ್ನೊಂದು ತೆಲುಗು ಎಂದು ಬೇಲಿ ಹಾಕುವವರು ಸ್ವಲ್ಪ ತಡೆಯಬೇಕು. ಇವೆರಡೂ ಒಂದೇ ಬಳ್ಳಿಯ ಕಾಯಿ.

ಹಳಗನ್ನಡದಲ್ಲಿ ಇದು ಪೂೞ್. ಮಣ್ಣು ಮುಚ್ಚು ಎಂದರ್ಥ. ಪಾಲು ಹಾಲಾದ ಹಾಗೆ ಪಕಾರ ಹಕಾರವಾಯಿತು. ವೈಯಾಕರಣರು ರಳ ಎನ್ನುವ ೞ ಅಕ್ಷರ ಳಕಾರದಲ್ಲಿ ಕರಗಿತು. 13ನೇ ಶತಮಾನದ ಹೊತ್ತಿಗೆ ಅದು ಜನರ ಬಾಯಿಂದ ಜಾರಿತ್ತು, ಅದಕ್ಕೇ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ರಳದ ಪದಗಳನ್ನು ಪಟ್ಟಿ ಮಾಡಬೇಕಾಯಿತು. ತೆಲುಗಿನಲ್ಲಿ ಪಕಾರ ಕದಲಲಿಲ್ಲ, ರಳ ಡಕಾರವಾಯಿತು. ನಮ್ಮ ಏಳು ಅವರ ಏಡು, ನಮ್ಮ ಕೋಳಿ ಅವರ ಕೋಡಿ. (ಕೆರೆ ಕೋಡಿ ಬಿತ್ತೆಂದರೆ ಕೋಳಿ ಹುಡುಕುವ ಅಪಾಯ ಗಡಿಯವರಿಗೆ ಮಾತ್ರ.) ಹಾಗೆಯೇ ನಮ್ಮ ಹೂಳು ಅವರ ಪೂಡು, ಅದರಿಂದ ಪೂಡಿಕ. ಹೆಣ ಹೂಳುವುದಕ್ಕೂ ಅಲ್ಲಿ ಪೂಡ್ಚು ಎಂದೇ ಹೇಳುತ್ತಾರೆ.

ಗಸಿ, ಮಡ್ಡಿ ಎಂದರೆ ತಳಕ್ಕೆ ಇಳಿದದ್ದು. ಹೂಳು ಹಾಗಲ್ಲ, ಅದು ಕೆರೆಯನ್ನೇ ಮಣ್ಣು ಮಾಡುವಂಥದ್ದು. ಕೆರೆ ಹೂತುಹೋಗುವ ಭಯ ಹಳೆಯದು. ಕೆರೆ ಕಟ್ಟಿಸಿ ಕಾಪಾಡಿದವರಿಗೆ ಭೂಮಿ ಬಿಡುವ ಬಿತ್ತುವಟ್ಟ ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇಂದಿನ ಲೆಕ್ಕ ಬೇಕಾದರೆ ತುಂಗಭದ್ರಾ ಇದೆ: ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ 2016ರ ಅಳತೆಗೆ 105.788ಕ್ಕೆ ಇಳಿದಿತ್ತು. ನಮ್ಮ ಕಡೆಯ ಕಣೇಕಲ್ ಕೆರೆಗೆ ಬರುವುದು ಅದರ ಮೇಲ್ಮಟ್ಟದ ಕಾಲುವೆಯ ನೀರು.

ಕಡಲತಡಿಯ ಹೂಳಿನಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಹುಡುಕುವವರಿಗೆ ಈ ಪದ ಹೂತದ್ದು ಎಂಬ ಅರ್ಥದಲ್ಲೂ ಒಪ್ಪುತ್ತದೆ. ಭಾರಲೋಹಗಳು ಮರಳಿಗಿಂತ ನುಣ್ಣನೆಯ ಜೇಡಿಗೆ ಹೆಚ್ಚು ಅಂಟುತ್ತವೆ. ಹಾಗಾಗಿ 63 ಮೈಕ್ರಾನ್ ಜರಡಿಯಲ್ಲಿ ಇಳಿದದ್ದನ್ನು ಪರೀಕ್ಷಿಸುತ್ತಾರೆ. ಕೊಳವೆ ಇಳಿಸಿ ತೆಗೆದರೆ ಕೆಳಗಿನ ಪದರ ಹಳೆಯದು, ಕಾರ್ಖಾನೆಗಳ ಕಾಲಕ್ಕಿಂತ ಮುಂಚೆ ಹೂತದ್ದು. ಅದೇ ಮೂಲಮಟ್ಟ. ಜರ್ಮನಿಯ ಮುಲ್ಲರ್ 1969ರಲ್ಲಿ ಕೊಟ್ಟ ಮಾಲಿನ್ಯ ಸೂಚ್ಯಂಕ ಈ ಮೂಲಮಟ್ಟವನ್ನು 1.5ರಿಂದ ಗುಣಿಸುತ್ತದೆ, ನೆಲದ ಸಹಜ ಏರುಪೇರನ್ನು ಮಾಲಿನ್ಯವೆಂದು ದೂರಬಾರದಲ್ಲ. ಇನ್ನೊಂದು ವಿಧಾನದಲ್ಲಿ ಕಬ್ಬಿಣವನ್ನೋ ಅಲ್ಯೂಮಿನಿಯಂ ಅನ್ನೋ ಅಳತೆಗೋಲು ಮಾಡಿ ಉಳಿದ ಲೋಹಗಳನ್ನು ಅದಕ್ಕೆ ಹೋಲಿಸುತ್ತಾರೆ. ಓಬಳಾಪುರದ ಅದಿರು ಗುಡ್ಡಗಳ ನಮ್ಮ ಸೀಮೆಯಲ್ಲಿ ಕಬ್ಬಿಣದ ಗೋಲು ಹಿಡಿದರೆ ಕೆಟ್ಟಿತು. ಗಣಿಯ ಧೂಳು ಗೋಲಿನೊಳಗೇ ಸೇರಿ, ಉಳಿದ ಲೋಹಗಳೆಲ್ಲ ಕಡಿಮೆ ಕಾಣುತ್ತವೆ. ಅಲ್ಯೂಮಿನಿಯಮ್ಮೇ ವಾಸಿ.

ಸಮುದ್ರ ನಮಗೆ ದೂರವೇನೋ ಹೌದು. ಆದರೆ ವೇದಾವತಿಯ ಕೆಂಪು ನೀರು ವಾಣಿವಿಲಾಸ ಸಾಗರ, ಭೈರವಾನಿತಿಪ್ಪ ಜಲಾಶಯಗಳನ್ನು ದಾಟಿದರೆ ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ, ಹಂಸಲದೀವಿಯ ಬಳಿ ಕಡಲಿಗೆ. ದಾರಿಯಲ್ಲಿ ಒಂದೊಂದು ಕಟ್ಟೆಯೂ ತನ್ನ ಪಾಲಿನ ಹೂಳು ಹಿಡಿದುಕೊಳ್ಳುತ್ತದೆ. ಕಡಲತಡಿಯಲ್ಲಿ ಮಾಡುವ ಪರೀಕ್ಷೆಯನ್ನು ಇಲ್ಲಿಯ ಕೆರೆಯಂಗಳದಲ್ಲೂ ಮಾಡಬೇಕಾದದ್ದು ಅದಕ್ಕೇ.

ಬೇಸಿಗೆಯಲ್ಲಿ ಹೂಳೆತ್ತಿ ಟ್ರ್ಯಾಕ್ಟರಿಗೆ ತುಂಬುವ ಹೊತ್ತಿಗೆ ಅದರ ಹೆಸರೂ ಬದಲು: ಕೆರೆಗೆ ಹೂಳಾದದ್ದು ಹೊಲಕ್ಕೆ ಗೋಡು, ಗೊಬ್ಬರದಷ್ಟೇ ಬೆಲೆ. ಊರ ಕೊಳಚೆ ಬಂದು ಸೇರುವ ಕೆರೆಯದಾದರೆ, ಶೇಂಗಾ ಹೊಲಕ್ಕೆ ಹೊಡೆಸುವ ಮೊದಲು ಅದರ ಒಂದು ಬೊಗಸೆ ಪ್ರಯೋಗಾಲಯಕ್ಕೆ ಹೋಗಲಿ ಎಂಬುದು ನನ್ನ ಹಠ.