ಬೀಗದ ಕೈ ಒಳಗೆ, ಡ್ರೈವರ್ ಹೊರಗೆ

ಹಾಸನ ಜಿಲ್ಲೆ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ ಎಂದೊಡನೆ ನೆನಪಾಗುವುದು ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರು. ಅವರ ಹೆಸರಿನ ಮೊದಲ ಅಕ್ಷರ 'ಎಚ್' ಈ ಊರೇ. ಅವರು ಹುಟ್ಟಿದ 1933ರ ಹೊತ್ತಿಗೆ ಈ ಸೀಮೆಯ ರೈತ ರಾಗಿ, ಭತ್ತವನ್ನು ಸಂತೆಗೆ ಸಾಗಿಸುತ್ತಿದ್ದದ್ದು ಎತ್ತಿನ ಗಾಡಿಯಲ್ಲಿ. ಗಾಡಿಗೆ ಬಾಗಿಲಿರಲಿಲ್ಲ, ಬೀಗವೂ ಇರಲಿಲ್ಲ. ಎತ್ತು ಬಿಚ್ಚಿ ಮರದ ನೆರಳಿಗೆ ಕಟ್ಟಿದರೆ ಗಾಡಿಯ ಚಿಂತೆ ಮುಗಿಯಿತು.

ಇಂದು ಚನ್ನರಾಯಪಟ್ಟಣದ ತೆಂಗಿನಕಾಯಿ, ಹಾಸನದ ಆಲೂಗಡ್ಡೆ, ಅರಕಲಗೂಡು ಕಡೆಯ ತಂಬಾಕು ಎಲ್ಲವೂ ಲಾರಿ ಏರುತ್ತವೆ. ಲಾರಿಗೆ ಬಾಗಿಲುಂಟು, ಬೀಗವುಂಟು. ಗಾಡಿ ಹೊಡೆಯುವವನಿಗೆ ಎಂದೂ ಇರದಿದ್ದ ಒಂದು ಫಜೀತಿಯೂ ಉಂಟು. ಬೀಗದ ಕೈ ಕ್ಯಾಬಿನ್ನಿನ ಒಳಗೆ, ಡ್ರೈವರ್ ಹೊರಗೆ.

ಕೇಳಿದವರಿಗೆ ಇದು ನಗೆಪಾಟಲಿನ ಸಂಗತಿ, ಅನುಭವಿಸಿದವರಿಗಲ್ಲ. ಹಾಸನದಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಸಕಲೇಶಪುರ ದಾಟಿದರೆ ಶಿರಾಡಿ ಘಾಟ್. ಮಳೆಗಾಲದಲ್ಲಿ ಇಲ್ಲಿ ವಾಹನಗಳು ಸಾಲುಗಟ್ಟುವುದು ಹೊಸದೇನಲ್ಲ. 2018ರಲ್ಲೂ 2024ರಲ್ಲೂ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು. ಅಂತಹ ಸಾಲಿನಲ್ಲಿ ಸಿಕ್ಕಿಕೊಂಡ ಡ್ರೈವರ್ ಮುಂದೇನಾಗಿದೆ ಎಂದು ನೋಡಲು ಕೆಳಗಿಳಿಯುತ್ತಾನೆ ಎಂದುಕೊಳ್ಳಿ. ಬ್ಯಾಟರಿ ಹಳೆಯದು. ಒಮ್ಮೆ ಎಂಜಿನ್ ಆರಿಸಿದರೆ ಮತ್ತೆ 'ಸೆಲ್ಫ್' ಹಿಡಿಯುವ ಭರವಸೆ ಇಲ್ಲ. ಆದ್ದರಿಂದ ಕೀಲಿ ಇದ್ದಲ್ಲೇ ಇರುತ್ತದೆ, ಎಂಜಿನ್ ಓಡುತ್ತಲೇ ಇರುತ್ತದೆ. ಇಳಿಯುವಾಗ ಅಭ್ಯಾಸಬಲದಿಂದ ಬಾಗಿಲಿನ ಗುಂಡಿ ಒತ್ತಿ ಎಳೆದುಬಿಡುತ್ತಾನೆ. ಅಲ್ಲಿಗೆ ಬೀಗ ಬಿತ್ತು. ಮೊಬೈಲು, ದಾರಿ ಖರ್ಚಿನ ಹಣ, ಸರಕಿನ ಬಿಲ್ಲು, ಲೈಸೆನ್ಸು ಎಲ್ಲ ಒಳಗೆ. ಇಳಿಜಾರಿನಲ್ಲಿ ಓಡುತ್ತಿರುವ ಎಂಜಿನ್. ಹಿಂದಿನ ಲಾರಿಗಳ ಹಾರನ್ ಶುರುವಾಗುತ್ತದೆ.

ಹಾಗೆ ನೋಡಿದರೆ ಈ ತೊಂದರೆಗೆ ಕಾರಣ ಬೀಗವಲ್ಲ, ತಾನಾಗಿ ಬೀಳುವ ಬೀಗ. ನಮ್ಮ ಹಳೆಯ ಮನೆಗಳಲ್ಲಿ ಒಳಗಿದ್ದಾಗ ಬಾಗಿಲಿಗೆ ಅಗಳಿ ಅಥವಾ ಚಿಲಕ, ಊರಿಗೆ ಹೊರಟಾಗ ಕೊಂಡಿಗೆ ಬೀಗ. ಬಾಗಿಲು ಎಳೆದ ಮಾತ್ರಕ್ಕೆ ಬೀಗ ಬೀಳುತ್ತಿರಲಿಲ್ಲ. ಮನೆಯವರು ಹೊರಗೆ ನಿಂತು, ಕೈಯಾರೆ ಹಾಕಬೇಕಿತ್ತು. ಕೀಲಿಯ ಗೊಂಚಲು ಮನೆಯೊಡತಿಯ ಸೊಂಟದಲ್ಲಿರುತ್ತಿತ್ತು. ಕನ್ನಡದಲ್ಲಿ ಕೀಲಿಗೆ 'ಬೀಗದ ಕೈ' ಎನ್ನುವ ಹೆಸರಿದೆ. ಕೈ ಇಲ್ಲದೆ ಬೀಗದ ಕೆಲಸ ನಡೆಯದು ಎಂಬ ಅನುಭವವೇ ಆ ಮಾತಿನಲ್ಲಿ ಅಡಗಿದೆ.

ಅಮೆರಿಕದ ಲೈನಸ್ ಯೇಲ್ 1861 ಮತ್ತು 1865ರಲ್ಲಿ ಪೇಟೆಂಟ್ ಪಡೆದ ಬೀಗ ಈ ಲೆಕ್ಕವನ್ನು ಬದಲಿಸಿತು. ಚಪ್ಪಟೆ ಕೀಲಿಯ ಹಲ್ಲುಗಳು ಒಳಗಿನ ಪುಟ್ಟ ಪಿನ್ನುಗಳನ್ನು ಸಮಕ್ಕೆ ಎತ್ತಿದರೆ ಮಾತ್ರ ಅದು ತಿರುಗುತ್ತದೆ. ಇಂತಹ ಬೀಗದ ಜೊತೆಗೆ ಸ್ಪ್ರಿಂಗಿನ ನಾಲಿಗೆ ಸೇರಿದಾಗ ಬಾಗಿಲು ಮುಚ್ಚುವುದಕ್ಕೆ ಕೀಲಿ ಬೇಡ, ತೆರೆಯುವುದಕ್ಕೆ ಮಾತ್ರ ಬೇಕು ಎಂಬ ವ್ಯವಸ್ಥೆ ಬಂತು. ಮೋಟಾರು ವಾಹನಗಳ ಬಾಗಿಲಿಗೂ ಇದೇ ಏರ್ಪಾಡು ಇಳಿಯಿತು. ಕೀಲಿ ಮರೆಯುವ ಚಾಳಿ ಎಷ್ಟು ವ್ಯಾಪಕವಾಗಿತ್ತೆಂದರೆ, ಕೀಲಿ ಇರುವಾಗಲೇ ಚಾಲಕನ ಬಾಗಿಲು ತೆರೆದರೆ ಸದ್ದು ಮಾಡಿ ಎಚ್ಚರಿಸುವ ಸಾಧನವನ್ನು ಅಮೆರಿಕ 1970ರಿಂದ ಹೊಸ ಕಾರುಗಳಿಗೆ ಕಡ್ಡಾಯ ಮಾಡಿತು.

ನಮ್ಮ ಲಾರಿಗಳ ಕಥೆ ಬೇರೆಯೇ ದಾರಿ ಹಿಡಿಯಿತು. ಟಾಟಾ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ 1954ರಲ್ಲಿ ಒಪ್ಪಂದ ಮಾಡಿಕೊಂಡು ಲಾರಿ ತಯಾರಿಸತೊಡಗಿತು. ಮದರಾಸಿನಲ್ಲಿ ಅಶೋಕ್ ಲೇಲ್ಯಾಂಡ್ ಬೆಳೆಯಿತು. ಆದರೆ ಬಹುಪಾಲು ಮಾಲೀಕರು ಕಾರ್ಖಾನೆಯಿಂದ ಕೊಳ್ಳುತ್ತಿದ್ದದ್ದು ಇಡೀ ಲಾರಿಯನ್ನಲ್ಲ, ಎಂಜಿನ್ ಕೂರಿಸಿದ ಚಾಸಿಯನ್ನು. ಅದರ ಮೇಲೆ ಕ್ಯಾಬಿನ್ ಕಟ್ಟುತ್ತಿದ್ದವರು ನಾಮಕ್ಕಲ್‌ನಂತಹ ಊರುಗಳ ಬಾಡಿ ಕಟ್ಟುವ ಶೆಡ್ಡಿನ ಬಡಗಿಗಳು, ವೆಲ್ಡರ್‌ಗಳು. ಮರದ ಚೌಕಟ್ಟು, ಅದಕ್ಕೆ ಹೊಡೆದ ತಗಡು, ಒಂದು ಚಿಲಕ. ಇಂತಹ ಬಾಗಿಲು ಡ್ರೈವರನನ್ನು ಹೊರಗೆ ಹಾಕಿ ಸತಾಯಿಸುವ ಸಂಭವ ಕಡಿಮೆ. ಕಿಟಕಿಯಲ್ಲಿ ಕೈ ತೂರಿಸಿದರೆ ಚಿಲಕ ಸಿಗುತ್ತಿತ್ತು.

ಎಂಜಿನ್ನಿಗೂ ಕೀಲಿಗೂ ಇದ್ದ ನಂಟು ಸಡಿಲವೇ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು, ಕೀಲಿ ತಿರುಗಿಸಿ ಕಿಡಿ ನಿಲ್ಲಿಸಿದರೆ ಎಂಜಿನ್ ನಿಲ್ಲುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿಯ ಹಂಗಿಲ್ಲ. ಒತ್ತಡಕ್ಕೆ ಕಾದ ಗಾಳಿಯಲ್ಲೇ ಎಣ್ಣೆ ಉರಿಯುತ್ತದೆ. ಹಳೆಯ ಲಾರಿಗಳಲ್ಲಿ ಎಂಜಿನ್ ನಿಲ್ಲಿಸಲು ಎಣ್ಣೆ ತಡೆಯುವ 'ಸ್ಟಾಪ್' ಗುಂಡಿಯನ್ನು ಎಳೆಯಬೇಕಿತ್ತು. ಇಂತಹ ಲಾರಿಯನ್ನು ಕೀಲಿಯೊಂದೇ ಕಾಯುತ್ತದೆ ಎಂದು ಯಾವ ಮಾಲೀಕನೂ ನಂಬುವಂತಿರಲಿಲ್ಲ.

ಹಾಗಾದರೆ ಕಾಯುತ್ತಿದ್ದವರು ಯಾರು? ಕ್ಲೀನರ್.

ಉಗಿಬಂಡಿಯ ಕಾಲದ ರೈಲ್ವೆಯಲ್ಲಿ ಕ್ಲೀನರ್ ಆಗಿ ಸೇರಿದ ಹುಡುಗ ಮುಂದೆ ಫೈರ್‌ಮನ್, ಆಮೇಲೆ ಡ್ರೈವರ್ ಆಗುತ್ತಿದ್ದ. ಲಾರಿಯಲ್ಲೂ ಅದೇ ಮೆಟ್ಟಿಲು. ಗಾಜು ಒರೆಸುವುದು, ಟಾರ್ಪಾಲು ಬಿಗಿಯುವುದು, ಏರಿನಲ್ಲಿ ನಿಂತಾಗ ಚಕ್ರಕ್ಕೆ ಕಲ್ಲು ಕೊಡುವುದು, ಹಿಂದಕ್ಕೆ ತೆಗೆಯುವಾಗ 'ಬರ್ಲಿ ಬರ್ಲಿ' ಎಂದು ಕೂಗಿ ಹೇಳುವುದು ಅವನ ಕೆಲಸ. ಲೆಕ್ಕಕ್ಕೆ ಬಾರದ ಇನ್ನೊಂದು ಕೆಲಸವೆಂದರೆ ಲಾರಿಯಲ್ಲಿ ಸುಮ್ಮನೆ ಕುಳಿತಿರುವುದು. ಡ್ರೈವರ್ ಹೋಟೆಲಿಗೆ ಹೋದಾಗ, ಚೆಕ್‌ಪೋಸ್ಟಿನಲ್ಲಿ ಕಾಗದ ತೋರಿಸಲು ಇಳಿದಾಗ, ರಾತ್ರಿ ಮಲಗಿದಾಗ ಕ್ಯಾಬಿನ್ ಖಾಲಿ ಇರುತ್ತಿರಲಿಲ್ಲ. ಡ್ರೈವರ್ ಬಂದು ಬಾಗಿಲು ಬಡಿದರೆ ಒಳಗಿನಿಂದ ತೆರೆಯುವ ಕೈಯೊಂದು ಇರುತ್ತಿತ್ತು.

ಬದಲಾವಣೆ ಎರಡು ಕಡೆಯಿಂದ ಬಂತು. ಮೊದಲನೆಯದು ಕ್ಯಾಬಿನ್. ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ವೋಲ್ವೊ ಕಾರ್ಖಾನೆ 1998ರಲ್ಲಿ ಕೆಲಸ ಆರಂಭಿಸಿದಾಗ ಸಂಪೂರ್ಣ ಕಾರ್ಖಾನೆಯಲ್ಲೇ ತಯಾರಾದ ಲಾರಿ ಕ್ಯಾಬಿನ್ ಹೇಗಿರುತ್ತದೆ ಎಂಬುದನ್ನು ಇಲ್ಲಿನ ಡ್ರೈವರ್‌ಗಳು ಕಂಡರು. ಇತರ ಕಂಪೆನಿಗಳೂ ಅದೇ ಹಾದಿ ಹಿಡಿದವು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಸರಕು ವಾಹನಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಬಿಸಿಲಿನಲ್ಲಿ ಬೇಯುವ ಡ್ರೈವರಿಗೆ ಇದು ವರವೇ. ಆದರೆ ಎ.ಸಿ. ಓಡುವ ಕ್ಯಾಬಿನ್ನಿನ ಗಾಜು ಮೇಲೇರಿರುತ್ತದೆ, ಕೈ ತೂರಿಸುವ ಸಂದು ಉಳಿಯುವುದಿಲ್ಲ.

ಎರಡನೆಯದು ಕ್ಲೀನರನ ನಿರ್ಗಮನ. 2005ರಲ್ಲಿ ಬಂದ ಟಾಟಾ ಏಸ್‌ನಂತಹ ಪುಟ್ಟ ಗಾಡಿಗಳು ಹಳ್ಳಿಯ ಸರಕನ್ನು ಪೇಟೆಗೆ ಮುಟ್ಟಿಸಲು ಒಬ್ಬನೇ ಸಾಕು ಎಂದು ತೋರಿಸಿದವು. ದೊಡ್ಡ ಲಾರಿಗಳಲ್ಲೂ ಎರಡನೆಯ ಸಂಬಳ, ಎರಡನೆಯ ಬಾಟಾ ಉಳಿಸುವ ಮಾಲೀಕರು ಹೆಚ್ಚಿದರು. ಕಷ್ಟದ ಈ ಕೆಲಸಕ್ಕೆ ಹುಡುಗರು ಬರುವುದೂ ಕಡಿಮೆಯಾಯಿತು. ಬಾಗಿಲು ಭದ್ರವಾದ ಹೊತ್ತಿಗೇ ಒಳಗಿನ ಕೈ ಇಲ್ಲವಾಯಿತು.

ಒಂಟಿ ಡ್ರೈವರ್ ಅದಕ್ಕೆ ತಕ್ಕ ಉಪಾಯಗಳನ್ನು ರೂಢಿಸಿಕೊಳ್ಳಬೇಕಾಗಿದೆ. ಮೊದಲ ನಿಯಮ, ಕೀಲಿ ಕೈಗೆ ಬಂದ ಮೇಲೆಯೇ ಬಾಗಿಲಿಗೆ ಕೈ. ಎರಡನೆಯದು, ಗುಂಡಿ ಒತ್ತಿ ಬಾಗಿಲು ಎಳೆಯದೆ ಹೊರಗೆ ನಿಂತು ಕೀಲಿಯಿಂದಲೇ ಬೀಗ ಹಾಕುವುದು. ಹಳೆಯ ಮನೆಯ ಬೀಗದ ಕ್ರಮವೂ ಇದೇ ಆಗಿತ್ತೆಂಬುದು ಗಮನಾರ್ಹ. ಮೂರನೆಯದು, ಕೀಲಿಗೆ ದಾರ ಪೋಣಿಸಿ ಬೆಲ್ಟಿಗೋ ಕೊರಳಿಗೋ ಕಟ್ಟಿಕೊಳ್ಳುವುದು. ದಾರ ಕಟ್ಟಿದ ಕೀಲಿ ಎಂಜಿನ್ನಿನಲ್ಲಿದ್ದರೆ ಇಳಿಯುವಾಗ ಮೈಯೇ ನೆನಪಿಸುತ್ತದೆ.

ನಾಲ್ಕನೆಯ ಉಪಾಯ ಎರಡನೆಯ ಕೀಲಿ. ಇಲ್ಲಿಯೇ ಇಕ್ಕಟ್ಟು. ಅದನ್ನು ಕ್ಯಾಬಿನ್ನಿನಲ್ಲಿಟ್ಟರೆ ಬೀಗ ಬಿದ್ದಾಗ ಪ್ರಯೋಜನವಿಲ್ಲ. ಲಾರಿಯ ಹೊರಗೆಲ್ಲೋ ಬಚ್ಚಿಟ್ಟರೆ ಕಳ್ಳನಿಗೆ ಕೊಟ್ಟಂತೆ. ಹೊಳೆನರಸೀಪುರದ ಮಾಲೀಕನ ಬೀರುವಿನಲ್ಲಿದ್ದರೆ ಘಾಟಿನಲ್ಲಿ ನಿಂತವನಿಗೆ ದೂರದ ಬೆಟ್ಟ. ಲಾರಿ ಕಳವಾದರೆ ವಿಮಾ ಕಂಪೆನಿಗಳು ಎರಡೂ ಕೀಲಿಗಳನ್ನು ಕೇಳುವುದರಿಂದ ಮಾಲೀಕ ಒಂದನ್ನು ಬಿಟ್ಟುಕೊಡಲು ಹಿಂಜರಿಯುತ್ತಾನೆ. ಡ್ರೈವರ್ ಕೀಲಿಯನ್ನು ಲಾರಿಯಲ್ಲೇ ಬಿಟ್ಟು ಇಳಿದಿದ್ದಾಗ ನಡೆದ ಕಳವಿನ ಪ್ರಕರಣವೊಂದು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಪರಿಹಾರವನ್ನು ಪೂರ್ತಿ ನಿರಾಕರಿಸಲಾಗದು, ಶೇ 75ರಷ್ಟು ಕೊಡಬೇಕು ಎಂದು 2023ರಲ್ಲಿ ತೀರ್ಪು ಬಂತು. ಉಳಿದ ಕಾಲು ಭಾಗ ಆ ಒಂದು ಮರೆವಿನ ಬೆಲೆ.

ಕಾನೂನೂ ಮೌನವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ನಿಂತ ವಾಹನದ ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇರುವವರು ಕುಳಿತಿರಬೇಕು. ಇಲ್ಲವಾದರೆ ಎಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ, ವಾಹನ ತಾನಾಗಿ ಚಲಿಸದಂತೆ ನೋಡಿಕೊಂಡಿರಬೇಕು. ಈ ನಿಯಮ ಪಾಲಿಸಿದವನ ಕೀಲಿ ಒಳಗುಳಿಯುವ ಸಂಭವವೂ ಕಡಿಮೆ. ಆದರೆ ಆರಿಸಿದ ಎಂಜಿನ್ ಮತ್ತೆ ಹಿಡಿಯಬೇಕಾದರೆ ಬ್ಯಾಟರಿ ಚೆನ್ನಾಗಿರಬೇಕು. ಅದನ್ನು ಕೊಡಿಸಬೇಕಾದವನು ಮಾಲೀಕ. ಬೀಗ ಹಾಕಿಕೊಂಡ ತಪ್ಪು ಡ್ರೈವರನದೊಬ್ಬನದೇ ಎನ್ನುವ ಮುನ್ನ ಇದನ್ನೂ ಯೋಚಿಸಬೇಕಾಗುತ್ತದೆ.

ಎತ್ತಿನ ಗಾಡಿಯ ಚಕ್ರ ಅಚ್ಚಿನಿಂದ ಕಳಚದಂತೆ ಹಿಡಿದಿಡುವ ಕಡಾಣಿಗೆ ಕೀಲು ಎಂದೂ ಹೆಸರು. ಕೀಲು, ಕೀಲಿ ಎರಡೂ ಒಂದೇ ಬೇರಿನ ಮಾತುಗಳು. ಹೊರಡುವ ಮುನ್ನ ಕಡಾಣಿ ಮುಟ್ಟಿ ನೋಡುವುದು ಗಾಡಿ ಹೊಡೆಯುವವನ ಎಚ್ಚರ. ಇಳಿಯುವ ಮುನ್ನ ಕೀಲಿ ಮುಟ್ಟಿ ನೋಡುವುದು ಲಾರಿ ಡ್ರೈವರನ ಎಚ್ಚರ. ಜೊತೆಗೆ ಇನ್ನೊಬ್ಬರಿದ್ದ ಕಾಲದಲ್ಲಿ ಈ ಎಚ್ಚರವನ್ನು ಇಬ್ಬರು ಹಂಚಿಕೊಳ್ಳುತ್ತಿದ್ದರು. ಈಗ ಅದನ್ನು ಒಬ್ಬನೇ ಹೊರಬೇಕಾಗಿದೆ.